ಕಕ್ಕಬ್ಬೆಗೆ ಯಾವ ತಿಂಗಳಲ್ಲಿ ಹೋದರೆ ಕೊಡಗಿನ ನಿಜವಾದ ಮನೆಯೂಟ ಸಿಗುತ್ತದೆ?

ಪ್ರಶ್ನೆ: ಧಾರವಾಡದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಕೊಡಗನ್ನು ಆಳಿದ ಹಾಲೇರಿ ಅರಸರ ಪಾಠ ಮಾಡುವಾಗಲೆಲ್ಲ ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯ ಹೆಸರು ಹೇಳುತ್ತೇನೆ. ಆದರೆ ಅದನ್ನು ಕಣ್ಣಾರೆ ಕಂಡಿಲ್ಲ. ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಈ ಕಾಡಿನ ಅರಮನೆಯಲ್ಲಿಯೇ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರ ಕೈಗೆ ಸಿಗುವ ಮೊದಲು ಆಶ್ರಯ ಪಡೆದಿದ್ದ ಎಂಬುದನ್ನು ಮಕ್ಕಳಿಗೆ ಹೇಳುವಾಗ, ಒಮ್ಮೆಯಾದರೂ ಆ ನೆಲಕ್ಕೆ ಹೋಗಿ ಬರಬೇಕು ಎಂಬ ಆಸೆ ಪ್ರತಿ ವರ್ಷವೂ ಮೂಡುತ್ತದೆ. ಈ ವರ್ಷ ಅದನ್ನು ಮುಂದೂಡದಿರಲು ನಿಶ್ಚಯಿಸಿದ್ದೇನೆ.

ಇತಿಹಾಸದಷ್ಟೇ ನನ್ನನ್ನು ಸೆಳೆದಿರುವುದು ಅಲ್ಲಿನ ಅಡುಗೆ. ಜೋಳದ ರೊಟ್ಟಿಯ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಕ್ಕಿಯೊಂದರಿಂದಲೇ ಅಷ್ಟೊಂದು ಬಗೆಯ ಪುಟ್ಟು ಮಾಡುವ ನಾಡನ್ನು ಹತ್ತಿರದಿಂದ ನೋಡಬೇಕೆಂದಿದ್ದೇನೆ. ನಾವು ಮೂವರು ಹೊರಡುವವರು: ನಾನು, 12 ವರ್ಷದ ಮಗ, ಮತ್ತು 68 ವರ್ಷದ ನನ್ನ ತಾಯಿ. ತಾಯಿಯವರು ಶುದ್ಧ ಸಸ್ಯಾಹಾರಿ. ನಾನೂ ಮಗನೂ ಎಲ್ಲವನ್ನೂ ತಿನ್ನುತ್ತೇವೆ. ಕೊಡಗು ಎಂದೊಡನೆ ಕೇಳಿದವರೆಲ್ಲ ಪಂದಿ ಕರಿಯ, ಅಂದರೆ ಹಂದಿ ಮಾಂಸದ ಅಡುಗೆಯ, ಮಾತನ್ನಷ್ಟೇ ಎತ್ತುವುದರಿಂದ, ಅಲ್ಲಿ ಹೋಗಿ ತಾಯಿ ಮೊಸರನ್ನ ಉಂಡು ಬರಬೇಕಾದೀತೇ ಎಂಬ ಚಿಂತೆ ನನಗಿದೆ.

ಯಾವ ತಿಂಗಳು ಒಳ್ಳೆಯದು? ಹೋಟೆಲಿನ ಅಡುಗೆಯಲ್ಲದೆ ಮನೆಯ ಅಡುಗೆ ಉಣ್ಣಬೇಕೆಂದರೆ ಏನು ಮಾಡಬೇಕು? ಅಡುಗೆಗೆ ಹಾಕುವ ಕಪ್ಪು ಹುಳಿರಸವಾದ ಕಾಚಂಪುಳಿಯನ್ನು ಅಲ್ಲಿಂದ ತರಬೇಕೆಂದರೆ ಯಾವುದನ್ನು ನೋಡಿ ಕೊಳ್ಳಬೇಕು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ: ನಾಲ್ಕುನಾಡಿನ ಮಗಳು, ಈಗ ಮೈಸೂರಿನಲ್ಲಿ

ಮೇಡಂ, ನಮ್ಮ ಊರಿನ ಬಗ್ಗೆ ಇಷ್ಟು ಅಕ್ಕರೆಯಿಂದ ಕೇಳಿದ್ದಕ್ಕೆ ಸಂತೋಷವಾಯಿತು. ನನ್ನ ತವರು ಕಕ್ಕಬ್ಬೆಯ ಆಸುಪಾಸಿನಲ್ಲೇ ಇದೆ. ನಿಮ್ಮ ಮೊದಲ ಪ್ರಶ್ನೆಗೆ ಒಂದೇ ತಿಂಗಳ ಹೆಸರು ಹೇಳಲು ನನಗೆ ಆಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಏನು ಬೇಯುತ್ತದೆ ಎಂಬುದನ್ನು ನಿಶ್ಚಯಿಸುವುದು ತಿಂಗಳೇ. ಮಳೆಗಾಲದ ಅಡುಗೆ ಬೇಕೆಂದು ಡಿಸೆಂಬರಿನಲ್ಲಿ ಬಂದವರಿಗೆ ಅದು ಸಿಗುವುದಿಲ್ಲ. ಸಿಕ್ಕಿತೆಂದರೆ ಅದು ಉಪ್ಪುನೀರಿನಲ್ಲಿ ಇಟ್ಟದ್ದೋ ಡಬ್ಬಿಯಿಂದ ತೆಗೆದದ್ದೋ ಆಗಿರುತ್ತದೆ.

ನನ್ನನ್ನು ಕೇಳಿದರೆ ನಮ್ಮ ಅಡುಗೆಯ ನಿಜವಾದ ಕಾಲ ಮಳೆಗಾಲ. ಜೂನ್ ತಿಂಗಳ ಮೊದಲ ಗುಡುಗು ಮಳೆಗೆ ತೋಟದ ಹುತ್ತಗಳ ಸುತ್ತ ಅಣಬೆ ಏಳುತ್ತದೆ. ನಾವು ಅದನ್ನು ಕುಮ್ಮು ಎನ್ನುತ್ತೇವೆ. ತೊರೆಯ ದಂಡೆಯಲ್ಲಿ ತೆರ್ಮೆ ತೊಪ್ಪು, ಅಂದರೆ ಇನ್ನೂ ಬಿಚ್ಚದೆ ಸುರುಳಿಯಾಗಿರುವ ಜರೀಗಿಡದ ಕುಡಿ ಸಿಗುತ್ತದೆ. ಕೆಸುವಿನ ಎಲೆ ಹುಲುಸಾಗಿ ಬೆಳೆಯುತ್ತದೆ. ಬಿದಿರಿನ ಎಳೆಯ ಮೊಳಕೆಯನ್ನು ತಂದು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಅದರ ವಿಷದ ಅಂಶ ಹೋದ ಮೇಲೆ ಮಾಡುವ ಬೈಂಬಳೆ ಕರಿಯ ಹುಳಿವಾಸನೆ ಮೊದಲ ದಿನ ಹೊಸಬರಿಗೆ ಹಿಡಿಸದಿದ್ದರೂ ಅಕ್ಕಿ ರೊಟ್ಟಿಯ ಜೊತೆ ಎರಡು ತುತ್ತು ಉಂಡ ಮೇಲೆ ಬಿಡಲು ಮನಸ್ಸಾಗುವುದಿಲ್ಲ. ಇವೆಲ್ಲವೂ ನಿಮ್ಮ ತಾಯಿಯವರು ಉಣ್ಣಬಹುದಾದ ಅಡುಗೆಗಳೇ ಎಂಬುದನ್ನು ಗಮನಿಸಿ. ಕೊಡಗಿನ ಊಟವೆಂದರೆ ಬರಿಯ ಮಾಂಸ ಎಂಬ ಮಾತು ನಮ್ಮ ಅಜ್ಜಿಯಂದಿರ ಅಡುಗೆಮನೆಯನ್ನು ನೋಡದವರ ಮಾತು.

ನಮ್ಮ ಪಂಚಾಂಗದ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಆ ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧಿಗಳು ಸೇರುತ್ತವೆ ಎಂಬುದು ಹಿರಿಯರ ನಂಬಿಕೆ. ಅಂದು ಬೆಳಿಗ್ಗೆ ಬೇಲಿಯ ಬದಿಯಿಂದ ಸೊಪ್ಪನ್ನು ದಂಟಿನ ಸಮೇತ ಕೊಯ್ದು ತಂದು ನೀರಿನಲ್ಲಿ ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕುತ್ತಾರೆ. ಅದನ್ನು ಉಂಡ ಮರುದಿನ ಮೂತ್ರದ ಬಣ್ಣ ಕೆಂಪಾಗುತ್ತದೆ. ಮುಂಚೆಯೇ ತಿಳಿಯದವರು ಹೆದರಿ ವೈದ್ಯರ ಬಳಿಗೆ ಹೋದದ್ದುಂಟು, ಆದ್ದರಿಂದ ಇದನ್ನು ಸಂಕೋಚವಿಲ್ಲದೆ ಹೇಳುತ್ತಿದ್ದೇನೆ.

ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಹೊತ್ತಿಗೆ, ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಕೋವಿ, ಕತ್ತಿಗಳಿಗೆ ಪೂಜೆ ಸಲ್ಲಿಸಿದ ನಂತರ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮತ್ತು ಪಂದಿ ಕರಿ. ಹಿಂದೆ ಬೇಟೆಯಿಂದ ಬರುತ್ತಿದ್ದ ಕಾಡುಹಂದಿಯ ಮಾಂಸ 1972ರ ವನ್ಯಜೀವಿ ಕಾಯ್ದೆಯ ನಂತರ ನಿಂತು, ಈಗ ಎಲ್ಲೆಡೆ ಸಾಕಿದ ಹಂದಿಯದೇ ಬಳಕೆಯಲ್ಲಿದೆ; ಯಾರಾದರೂ ಕಾಡಿನ ಮಾಂಸವೆಂದು ಆಸೆ ತೋರಿಸಿದರೆ ದಯವಿಟ್ಟು ಬೇಡವೆನ್ನಿ. ಪಂದಿ ಕರಿಯ ಕಪ್ಪು ಬಣ್ಣ ಎರಡು ವಸ್ತುಗಳಿಂದ ಬರುತ್ತದೆ: ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆಗಳನ್ನು ಎಣ್ಣೆಯಿಲ್ಲದೆ ಕಪ್ಪಾಗುವವರೆಗೆ ಹುರಿದ ಪುಡಿ, ಮತ್ತು ಕೊನೆಯಲ್ಲಿ ಹಾಕುವ ಕಾಚಂಪುಳಿ. ತೆಂಗಿನಕಾಯಿ ಅರೆದು ಹಾಕಿದ ಕೆಂಪು ಗೊಜ್ಜನ್ನು ಪಂದಿ ಕರಿ ಎಂದು ಬಡಿಸಿದರೆ ಅದು ನಮ್ಮ ಮನೆಗಳ ಅಡುಗೆಯಲ್ಲ.

ಕಾಚಂಪುಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿ ಎಂಬ ಹುಳಿ ಹಣ್ಣನ್ನು ಮರದ ಬುಡದಿಂದ ಆರಿಸಿ ತಂದು ನನ್ನ ತಾಯಿ ಬಿದಿರಿನ ಬುಟ್ಟಿಗೆ ತುಂಬುತ್ತಿದ್ದರು. ಬುಟ್ಟಿಯ ಕೆಳಗೆ ಒಂದು ಪಾತ್ರೆ. ಹಣ್ಣು ತಾನಾಗಿಯೇ ಕೊಳೆತು ರಸ ತೊಟ್ಟಿಕ್ಕುತ್ತಿತ್ತು. ಹಿಂಡುವಂತಿರಲಿಲ್ಲ, ಅವಸರ ಮಾಡುವಂತಿರಲಿಲ್ಲ. ರಾತ್ರಿ ಮಳೆ ಬಿಟ್ಟ ಹೊತ್ತಿನಲ್ಲಿ ಅಟ್ಟದ ಮೇಲಿನಿಂದ ಆ ತೊಟ್ಟಿನ ಸದ್ದು ಕೇಳಿಸುತ್ತಿದ್ದುದು ಇಂದಿಗೂ ನನ್ನ ಕಿವಿಯಲ್ಲಿದೆ. ಸಾಕಷ್ಟು ರಸ ಕೂಡಿದ ಮೇಲೆ ಮಣ್ಣಿನ ಪಾತ್ರೆಯಲ್ಲಿ, ಸೌದೆ ಒಲೆಯ ಸಣ್ಣ ಉರಿಯಲ್ಲಿ, ಮರದ ಸೌಟಿನಿಂದ ಕೈಯಾಡಿಸುತ್ತ ಅದು ಕಪ್ಪಾಗಿ ಮಂದವಾಗುವವರೆಗೆ ಬತ್ತಿಸುತ್ತಿದ್ದರು. ಒಂದು ದೊಡ್ಡ ಪಾತ್ರೆಯ ರಸ ಕೊನೆಗೆ ಒಂದೆರಡು ಸಣ್ಣ ಶೀಸೆಯಷ್ಟಾಗುತ್ತಿತ್ತು. ಹೀಗೆ ಮಾಡಿದ್ದು ವರ್ಷಗಟ್ಟಲೆ ಕೆಡುವುದಿಲ್ಲ, ಮತ್ತು ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು. ಇಷ್ಟು ದುಡಿಮೆಯ ಪದಾರ್ಥ ಅಗ್ಗಕ್ಕೆ ಸಿಗುವುದಿಲ್ಲವೆಂಬುದನ್ನು ನೆನಪಿಟ್ಟರೆ ಕೊಳ್ಳುವಾಗ ಮೋಸಹೋಗುವುದು ಕಡಿಮೆಯಾಗುತ್ತದೆ.

ಮನೆಯೂಟದ ಬಗ್ಗೆ: ಕಕ್ಕಬ್ಬೆ ಸುತ್ತಮುತ್ತ ತೋಟದ ಮನೆಗಳಲ್ಲಿ ಹೋಂಸ್ಟೇ ನಡೆಸುವವರು ಬಹಳ ಮಂದಿ ಇದ್ದಾರೆ. ಕಾಯ್ದಿರಿಸುವಾಗಲೇ, ಅಡುಗೆ ಮಾಡುವವರು ಮನೆಯವರೇ, ಸಸ್ಯಾಹಾರಕ್ಕೆ ಬೇರೆ ಪಾತ್ರೆ ಇಡಬಲ್ಲಿರಾ ಎಂದು ಮನೆಯೊಡತಿಯ ಬಳಿಯೇ ಮಾತನಾಡಿ ಕೇಳಿ. ‘ಏನೇನು ಸಿಗುತ್ತದೆ’ ಎಂಬುದಕ್ಕಿಂತ ‘ಈಗ ನಿಮ್ಮ ತೋಟದಲ್ಲಿ ಏನಿದೆ, ನೀವು ಏನು ಉಣ್ಣುತ್ತಿದ್ದೀರಿ, ಅದನ್ನೇ ನಮಗೂ ಮಾಡಿಕೊಡಿ’ ಎಂದರೆ ಅವರಿಗೆ ಸಂತೋಷವಾಗುತ್ತದೆ, ನಿಮಗೂ ನಿಜವಾದ ಊಟ ಸಿಗುತ್ತದೆ.


ಉತ್ತರ: ಸಸ್ಯಾಹಾರಿ ಪ್ರವಾಸಿ, ಬೆಂಗಳೂರು

ನಿಮ್ಮ ತಾಯಿಯವರ ವಿಷಯದಲ್ಲಿ ನನ್ನ ಅನುಭವ ಉಪಯೋಗಕ್ಕೆ ಬರಬಹುದು. ನಾನೂ ನನ್ನ ಹೆಂಡತಿಯೂ ಸಸ್ಯಾಹಾರಿಗಳು. ನಾಲ್ಕು ದಿನ ಅಲ್ಲಿದ್ದೆವು. ಒಂದು ಹೊತ್ತೂ ಅರೆಹೊಟ್ಟೆಯಲ್ಲಿ ಏಳಲಿಲ್ಲ.

ಬೆಳಗಿನ ತಿಂಡಿಗೆ ಪಾಪುಟ್ಟು ಬಂತು. ಅಕ್ಕಿ ತರಿಯನ್ನು ಹಾಲು, ತೆಂಗಿನ ತುರಿಯೊಂದಿಗೆ ತಟ್ಟೆಯಲ್ಲಿ ಹರಡಿ ಹಬೆಯಲ್ಲಿ ಬೇಯಿಸಿ, ಬರ್ಫಿಯಂತೆ ಕತ್ತರಿಸಿದ್ದು. ಮರುದಿನ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ. ಬೆಂದ ಅಕ್ಕಿಹಿಟ್ಟಿನ ಮುದ್ದೆಯನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಿ ಒತ್ತಬೇಕು, ಆರಿದರೆ ಎಳೆ ಬರುವುದಿಲ್ಲ. ಮನೆಯ ಯಜಮಾನರು ಒತ್ತುತ್ತಿದ್ದರೆ ಅವರ ಮಡದಿ ಕೆಳಗೆ ತಟ್ಟೆ ತಿರುಗಿಸುತ್ತ ಎಳೆಗಳನ್ನು ಸುರುಳಿಯಾಗಿ ಹಿಡಿಯುತ್ತಿದ್ದರು. ಇಬ್ಬರ ಕೈಯೂ ಮಾತಿಲ್ಲದೆ ಒಂದೇ ಲಯದಲ್ಲಿ ಓಡುತ್ತಿತ್ತು. ಅದರ ಜೊತೆಗೆ ಬಂದ ಕುಂಬಳ ಕರಿಯ ರುಚಿ ನನ್ನ ಹೆಂಡತಿಗೆ ಎಷ್ಟು ಹಿಡಿಸಿತೆಂದರೆ, ಈಗ ನಮ್ಮ ಮನೆಯಲ್ಲಿ ಸಿಹಿಗುಂಬಳದ ಸಾಂಬಾರು ಅಪರೂಪವಾಗಿದೆ. ಅಕ್ಕಿ ರೊಟ್ಟಿಗೆ ಎಳ್ಳಿನ ಪಜ್ಜಿ (ಚಟ್ನಿ) ಕೇಳಿ ಮಾಡಿಸಿಕೊಳ್ಳಿ; ಅನ್ನವನ್ನು ಹಿಟ್ಟಿನೊಂದಿಗೆ ಚೆನ್ನಾಗಿ ನಾದಿ ಮಾಡುವ ಆ ರೊಟ್ಟಿ ಹಂಚಿನ ಮೇಲೆ ಬೆಂದು ಕೆಂಡದ ಮೇಲೆ ಉಬ್ಬುವುದನ್ನು ಜೋಳದ ರೊಟ್ಟಿ ಬಡಿಯಬಲ್ಲ ನಿಮ್ಮ ತಾಯಿಯವರು ಕಣ್ಣು ಮಿಟುಕಿಸದೆ ನೋಡಿಯಾರು. ನಾವು ಹೋದದ್ದು ಏಪ್ರಿಲಿನ ಕೊನೆಯಲ್ಲಾದ್ದರಿಂದ ಕಾಡುಮಾವಿನ ಕರಿಯೂ ಸಿಕ್ಕಿತು. ಇಡಿಯ ಸಣ್ಣ ಹಣ್ಣನ್ನು ಬೆಲ್ಲ, ಮೆಣಸಿನ ಗೊಜ್ಜಿನಲ್ಲಿ ಬೇಯಿಸಿದ್ದು. ಓಟೆಯನ್ನು ಚೀಪದೆ ಆ ಊಟ ಮುಗಿಯುವುದಿಲ್ಲ.

ಪಾಡಿ ಇಗ್ಗುತಪ್ಪ ದೇವಸ್ಥಾನವನ್ನು ತಪ್ಪಿಸಬೇಡಿ. ಇಗ್ಗುತಪ್ಪ ಮಳೆ ಬೆಳೆಯ ದೇವರು. ಸುಗ್ಗಿಯ ಹಬ್ಬವಾದ ಹುತ್ತರಿಯ ಮುಹೂರ್ತ ನಿಶ್ಚಯವಾಗುವುದೂ ಅಲ್ಲಿಯೇ. ಅಲ್ಲಿ ಮಧ್ಯಾಹ್ನದ ಅನ್ನಸಂತರ್ಪಣೆಯ ಸರಳವಾದ ಊಟ ನಮಗೆ ಬಹಳ ತೃಪ್ತಿ ಕೊಟ್ಟಿತು.

ಕಾಚಂಪುಳಿಯಲ್ಲಿ ನಾನು ಮೋಸಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ. ಊರಿಗೆ ಮರಳುವ ದಾರಿಯಲ್ಲಿ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆಯೆಂದು ಎರಡು ಶೀಸೆ ಕೊಂಡೆ. ಮನೆಯಲ್ಲಿ ತೆರೆದು ನೋಡಿದರೆ ನೀರಿನಂತೆ ಹರಿಯಿತು. ಕಟುವಾದ ಹುಳಿ ಮಾತ್ರ ಇತ್ತು, ಬೇರೆ ಯಾವ ಗುಣವೂ ಇರಲಿಲ್ಲ. ಮುಂದೆ ನಮ್ಮ ಹೋಂಸ್ಟೇಯವರೇ ತಮ್ಮ ಮನೆಯದನ್ನು ಸ್ವಲ್ಪ ಕಳುಹಿಸಿಕೊಟ್ಟಾಗ ವ್ಯತ್ಯಾಸ ತಿಳಿಯಿತು. ಅದು ಚಮಚದಿಂದ ನಿಧಾನವಾಗಿ ಇಳಿಯುತ್ತದೆ, ಚಮಚದ ಮೈಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ, ಮತ್ತು ಅದರಲ್ಲಿ ಹೊಗೆಯ ಸಣ್ಣ ಪರಿಮಳವಿರುತ್ತದೆ. ಸಸ್ಯಾಹಾರಿಗಳಿಗೆ ಅದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ, ಬದನೆಕಾಯಿಯ ಪಲ್ಯಕ್ಕೆ ಹುಣಿಸೆಯ ಬದಲು ಅರ್ಧ ಚಮಚ ಹಾಕಿ ನೋಡಿ ಎನ್ನುತ್ತೇನೆ.


ಉತ್ತರ: ಬೆಟ್ಟದ ಹಾದಿ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೆ ನಾಲ್ಕುನಾಡಿನ ಅಕ್ಕನವರ ಮಳೆಗಾಲದ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಅಡುಗೆಯ ದೃಷ್ಟಿಯಿಂದ ಅವರ ಮಾತು ಸರಿಯೇ ಇರಬಹುದು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಎಷ್ಟು ಕಡೆ ಗುಡ್ಡ ಕುಸಿಯಿತು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಏನಾಯಿತು ಎಂಬುದನ್ನು ನೆನೆದರೆ, 68 ವರ್ಷದವರನ್ನೂ ಮಗುವನ್ನೂ ಕರೆದುಕೊಂಡು ಜುಲೈ, ಆಗಸ್ಟಿನಲ್ಲಿ ಆ ಕಡೆ ಹೊರಡಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ರಸ್ತೆ ಬಂದ್ ಆದರೆ, ವಿದ್ಯುತ್ ಹೋದರೆ, ವಯಸ್ಸಾದವರಿಗೆ ಔಷಧಿ ಬೇಕಾದರೆ ಆ ಊರುಗಳಲ್ಲಿ ಕಷ್ಟವಾಗುತ್ತದೆ. ಇಂಬಳದ ಕಾಟವೂ ಇರುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಹೋಗಿ. ಅರಮನೆ ಕಕ್ಕಬ್ಬೆಯಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಂದಲೇ ಕೊಡಗಿನ ಅತಿ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳ್‌ಗೆ ಹಾದಿ ಹೊರಡುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲೆ ತಂಗುವಂತಿಲ್ಲ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿ. ತಾಯಿಯವರು ಅರಮನೆಯ ಅಂಗಳದಲ್ಲೇ ಕುಳಿತಿರಬಹುದು. ಅರಮನೆ ಎಂದರೆ ಮೈಸೂರಿನ ಅರಮನೆಯಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ: ಎರಡು ಅಂತಸ್ತಿನ ದೊಡ್ಡ ಮನೆ, ಕೆತ್ತನೆಯ ಮರದ ಕಂಬಗಳು, ಮಾಸಿದ ಭಿತ್ತಿಚಿತ್ರಗಳು, ಮತ್ತು ಬೆಳಕು ಸರಿಯಾಗಿ ಹೊಗದ ಕತ್ತಲೆಯ ಕೋಣೆಗಳು. ಸೆರೆಯಿಂದ ತಪ್ಪಿಸಿಕೊಂಡು ಬಂದ ಅರಸನೊಬ್ಬ ಏಕೆ ಹೀಗೆ ಕಟ್ಟಿಸಿದ ಎಂಬುದು ಆ ಕೋಣೆಯೊಳಗೆ ನಿಂತಾಗ ನಿಮ್ಮ ಮಗನಿಗೆ ಪಾಠದ ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ. ಸಂಜೆಯಾದ ಮೇಲೆ ತೋಟದ ರಸ್ತೆಗಳಲ್ಲಿ ನಡೆದು ಓಡಾಡಬೇಡಿ; ಆನೆಗಳು ಬರುತ್ತವೆ.

ಊಟಕ್ಕೆ ಸಂಬಂಧಿಸಿ ಒಂದೇ ಮಾತು. ಚಾರಣದ ದಿನ ಮಧ್ಯಾಹ್ನದ ಊಟ ಬೇಕೆಂದು ಹಿಂದಿನ ಸಂಜೆಯೇ ಹೇಳಿಬಿಡಿ. ಹೊತ್ತು ಮೀರಿ ಇಳಿದು ಬಂದು ಊಟ ಕೇಳಿದರೆ ಕಡಂಬುಟ್ಟು ಸಿಗುವುದಿಲ್ಲ, ಏಕೆಂದರೆ ಅದು ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಡುವ ಎರಡು ಹಂತದ ಅಡುಗೆ.


ಮರುಉತ್ತರ: ನಾಲ್ಕುನಾಡಿನ ಮಗಳು

ಬೆಟ್ಟದ ಹಾದಿಯವರ ಮಾತನ್ನು ಒಪ್ಪುತ್ತೇನೆ. ನಾನು ತವರಿನ ನೆನಪಿನಲ್ಲಿ ಬರೆದೆ. ಅಲ್ಲಿ ಹುಟ್ಟಿದವರಿಗೆ ಆ ಮಳೆ ಅಭ್ಯಾಸ, ಹಿರಿಯರೊಂದಿಗೆ ಮೊದಲ ಸಲ ಬರುವವರಿಗೆ ಅಲ್ಲ. ಮಳೆಗಾಲದ ಊಟಕ್ಕೆ ಮೇಡಂ ಇನ್ನೊಮ್ಮೆ, ಜೂನ್ ಮೊದಲ ವಾರದಲ್ಲೋ ಸೆಪ್ಟೆಂಬರಿನಲ್ಲೋ, ಹವಾಮಾನ ನೋಡಿಕೊಂಡು ಬರಲಿ.

ಹಾಗಾದರೆ ಎರಡು ಸಮಯಗಳನ್ನು ಸೂಚಿಸುತ್ತೇನೆ. ಅಕ್ಟೋಬರ್ 17ರ ಹೊತ್ತಿಗೆ ಬರುವ ಕಾವೇರಿ ಸಂಕ್ರಮಣದ ದಿನ ನಮ್ಮ ಮನೆಗಳಲ್ಲಿ ಮಾಂಸ ಬೇಯಿಸುವುದಿಲ್ಲ. ದೋಸೆ ಮತ್ತು ತರಕಾರಿಯ ಕರಿ ಅಂದಿನ ಊಟ. ರೇಷ್ಮೆ ಬಟ್ಟೆ ಸುತ್ತಿ ಒಡವೆ ತೊಡಿಸಿದ ತೆಂಗಿನಕಾಯಿಯನ್ನೋ ಸೌತೆಕಾಯಿಯನ್ನೋ ಕಾವೇರಮ್ಮನೆಂದು ಪೂಜಿಸುವ ಕಣಿಪೂಜೆಯನ್ನು ನಿಮ್ಮ ತಾಯಿಯವರು ನೋಡಿದರೆ ಬಹಳ ಸಂತೋಷಪಡುತ್ತಾರೆ. ಆದರೆ ತಲಕಾವೇರಿ, ಭಾಗಮಂಡಲದ ಕಡೆ ಆ ದಿನ ವಿಪರೀತ ಜನಸಂದಣಿಯಿರುತ್ತದೆ, ಆ ಕಡೆಗೆ ಹೋಗದೆ ಕಕ್ಕಬ್ಬೆಯಲ್ಲೇ ಇರಿ.

ಇನ್ನೊಂದು ನವೆಂಬರ್, ಡಿಸೆಂಬರಿನ ಹುತ್ತರಿ. ಹುಣ್ಣಿಮೆಯ ಬೆಳಕಿನಲ್ಲಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ಕದಿರನ್ನು ಮನೆಗೆ ತರುವ ಹಬ್ಬ. ಹುರಿದ ಅಕ್ಕಿಯ ಪುಡಿಗೆ ಮಾಗಿದ ಬಾಳೆಹಣ್ಣು ಕಲಸಿ, ತುಪ್ಪ, ಎಳ್ಳು, ತೆಂಗಿನ ತುರಿಯೊಂದಿಗೆ ಕೊಡುವ ತಂಬಿಟ್ಟು, ಬೇಯಿಸಿದ ಹುತ್ತರಿ ಗೆಣಸು, ಹೊಸ ಅಕ್ಕಿಯ ಪಾಯಸ ಅಂದಿನ ವಿಶೇಷ. ಆದರೆ ಇದು ಒಕ್ಕದವರೆಲ್ಲ, ಅಂದರೆ ಒಂದೇ ವಂಶದವರೆಲ್ಲ, ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವ ಕುಟುಂಬದ ಹಬ್ಬ, ಪ್ರದರ್ಶನವಲ್ಲ. ನೀವು ತಂಗಿರುವ ಮನೆಯವರು ತಾವಾಗಿ ಕರೆದರೆ ಹೋಗಿ. ಕಯ್ಯಾಲೆಯ, ಅಂದರೆ ಜಗುಲಿಯ, ಕೆಳಗೆ ಪಾದರಕ್ಷೆ ಬಿಡಿ, ಅಲ್ಲಿನ ಮರದ ಹಲಗೆಯಾದ ಐಮರದ ಮೇಲೆ ಕೂರುವುದು ಹಿರಿಯರು ಎಂಬುದನ್ನು ಮಗನಿಗೆ ಹೇಳಿರಿ, ನಡುಮನೆಯಾದ ನೆಲ್ಲಕ್ಕಿಯ ತೂಗುದೀಪಕ್ಕೆ ಕೈಮುಗಿಯಿರಿ, ಕೇಳದೆ ಫೋಟೋ ತೆಗೆಯಬೇಡಿ.


ಪ್ರಶ್ನೆ ಕೇಳಿದವರಿಂದ: ಧಾರವಾಡದ ಓದುಗಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಾಯಿಯವರಿಗೆ ಎಲ್ಲ ಉತ್ತರಗಳನ್ನೂ ಓದಿ ಹೇಳಿದೆ. ಕಣಿಪೂಜೆಯ ಮಾತು ಬಂದಾಗ ಎರಡನೆಯ ಸಲ ಓದಿಸಿದರು. ಆದ್ದರಿಂದ ಅಕ್ಟೋಬರ್ ಸಂಕ್ರಮಣಕ್ಕೇ ಹೊರಡುವುದೆಂದು ನಿಶ್ಚಯಿಸಿ, ಮೈಸೂರಿನವರೆಗೆ ರೈಲು, ಅಲ್ಲಿಂದ ಮಡಿಕೇರಿ, ನಾಪೋಕ್ಲು ಮಾರ್ಗವಾಗಿ ಬಸ್ಸು ಎಂದುಕೊಂಡಿದ್ದೇವೆ. ಮನೆಯೊಡತಿಯವರ ಕೈಗೆ ಕೊಡಲು ಏನಾದರೂ ತರಬಹುದೇ? ಕಕ್ಕಬ್ಬೆಯ ಜೇನು ಇಂದೂ ಸಿಗುತ್ತದೆಯೇ?


ಉತ್ತರ: ನಾಲ್ಕುನಾಡಿನ ಮಗಳು

ಧಾರವಾಡದಿಂದ ಬರುವವರು ಪೇಡ ತಂದರೆ ಬೇಡವೆನ್ನುವ ಮನೆ ಕೊಡಗಿನಲ್ಲಿಲ್ಲ. ತಾಯಿಯವರು ಬಡಿದ ಒಣ ಜೋಳದ ರೊಟ್ಟಿಯನ್ನೂ ಒಂದಿಷ್ಟು ಕಟ್ಟಿಕೊಂಡು ಬನ್ನಿ. ಅಕ್ಕಿ ರೊಟ್ಟಿ ತಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಇಲ್ಲ.

ಜೇನು ಸಿಗುತ್ತದೆ, ಆದರೆ ಹಿಂದಿನಷ್ಟಿಲ್ಲ. ನನ್ನ ಬಾಲ್ಯದಲ್ಲಿ ಪ್ರತಿ ತೋಟದ ಮನೆಯ ಹಿಂದೆಯೂ ತುಡುವೆ ಜೇನಿನ ಪೆಟ್ಟಿಗೆಗಳಿರುತ್ತಿದ್ದವು. 1990ರ ದಶಕದ ಆರಂಭದಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಹುಳುಗಳನ್ನೇ ಕೊಂದು ಕುಟುಂಬ ಕುಟುಂಬಗಳನ್ನೇ ಖಾಲಿ ಮಾಡಿತು. ಅಪ್ಪ ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗೆ ಇಟ್ಟು, ಹುಳು ಮತ್ತೆ ಬಂದೀತೆಂದು ಮೂರು ವರ್ಷ ಕಾದರು. ಈಗ ಮತ್ತೆ ಕೆಲವರು ಸಾಕುತ್ತಿದ್ದಾರೆ. ಮುಖ್ಯವಾದ ಕೊಯ್ಲು ಬೇಸಿಗೆಯಲ್ಲಿ, ಕಾಡಿನ ಮರಗಳ ಹೂವು ಮುಗಿದ ಮೇಲೆ ಆಗುವುದರಿಂದ ಅಕ್ಟೋಬರಿನಲ್ಲಿ ನಿಮಗೆ ಸಿಗುವುದು ಮನೆಯವರು ತಮಗೆಂದು ತೆಗೆದಿಟ್ಟ ಶೀಸೆಯದು. ಮಾರುವಿರಾ ಎಂದು ಕೇಳಬೇಡಿ. ಬೆಳಿಗ್ಗೆ ನೂಪುಟ್ಟಿನ ತಟ್ಟೆಯ ಪಕ್ಕದಲ್ಲಿ ಅವರಾಗಿ ಇಟ್ಟರೆ ಉಣ್ಣಿ.